ಕುದುರೆಗೆ ಉಂಬಳ ಹತ್ತದ ಇತಿಹಾಸ

ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ನಾಡಿನ ವೀರವನಿತೆಯರೆಲ್ಲ ಒಂದೇ ಹ್ಯಾಂಗರಿನಲ್ಲಿ ನೇತಾಡುತ್ತಿರುತ್ತಾರೆ. ಕಚ್ಚೆ ಹಾಕಿ ಹೊಲಿದೇ ಇಟ್ಟ ಹಸಿರು ಜರಿ ಸೀರೆ ಒಂದು, ತಗಡಿನ ಕಿರೀಟ ಒಂದು, ಥರ್ಮಾಕೋಲಿನ ಗುರಾಣಿ ಒಂದು. ಕೈಗೆ ಕತ್ತಿ ಕೊಟ್ಟರೆ ಚೆನ್ನಮ್ಮ, ಒನಕೆ ಕೊಟ್ಟರೆ ಓಬವ್ವ, ಬೆನ್ನಿಗೆ ಗೊಂಬೆ ಕಟ್ಟಿದರೆ ಝಾನ್ಸಿ ರಾಣಿ. ಯಾವ ಚೆನ್ನಮ್ಮ, ಕಿತ್ತೂರಿನವಳೋ ಕೆಳದಿಯವಳೋ ಎಂದು ಕೇಳಿದರೆ ಅಂಗಡಿಯವನು, "ಯಾರಾದರೇನು ಸಾರ್, ಬಾಡಿಗೆ ಒಂದೇ" ಎನ್ನುತ್ತಾನೆ. ರಾಜ್ಯೋತ್ಸವದ ವಾರದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಪೇಟೆಗಳಲ್ಲಿ ಈ ಸೀರೆಗೆ ಬಿಡುವೇ ಇರುವುದಿಲ್ಲ.

ಅಂಗಡಿಯವನನ್ನು ಆಡಿಕೊಂಡು ಪ್ರಯೋಜನವಿಲ್ಲ. ಹತ್ತು ಹನ್ನೆರಡರ ಪ್ರಾಯದ ಮಕ್ಕಳಿಗೆಂದು ನಾವು ಬರೆಯುವ, ಬರೆಸುವ ಐತಿಹಾಸಿಕ ಕಥೆಗಳೂ ಇದೇ ಅಂಗಡಿಯ ಮಾಲು. ಮುಖಪುಟ ನೋಡಿ. ಮುಂಗಾಲೆತ್ತಿ ನಿಂತ ಬಿಳಿ ಕುದುರೆ, ಮೇಲೆ ಖಡ್ಗ ಹಿರಿದ ರಾಣಿ, ಹಿಂದೆ ಕೆಂಪು ಆಕಾಶ. ಜಾಗ ಕವಲೇದುರ್ಗವಂತೆ. ಕವಲೇದುರ್ಗದ ಕಲ್ಲುಹಾಸಿನ ದಾರಿಯಲ್ಲಿ ಆಷಾಢದ ಮಳೆಗೆ ಮನುಷ್ಯರು ಎರಡು ಕಾಲಿನ ಮೇಲೆ ನಿಲ್ಲುವುದೇ ಕಷ್ಟ. ಅಲ್ಲಿ ಕುದುರೆಯನ್ನೂ ಎರಡೇ ಕಾಲಿನ ಮೇಲೆ ನಿಲ್ಲಿಸಿದ ಚಿತ್ರಕಾರನ ಧೈರ್ಯಕ್ಕೆ ಪದಕ ಕೊಡಬೇಕು. ಆ ಕುದುರೆಗೆ ರಕ್ತ ಹೀರುವ ಒಂದೇ ಒಂದು ಉಂಬಳ ಹತ್ತಿಲ್ಲ. ರಾಣಿಯ ತಲೆಗೆ ಕಂಬಳಿಕೊಪ್ಪೆ ಇಲ್ಲ. 260 ವರ್ಷಕ್ಕೂ ಹೆಚ್ಚು ಕಾಲ ಮಲೆನಾಡನ್ನು ಆಳಿದ ಕೆಳದಿಯ ಮನೆತನದ ಮೇಲೆ ಒಂದು ಹನಿ ಮಳೆ ಬಿದ್ದ ದಾಖಲೆ ನಮ್ಮ ಮಕ್ಕಳ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ಅದೃಷ್ಟವೋ ಗ್ರಹಚಾರವೋ, ಒಂದು ಸಂಸ್ಥಾನದ ಇಡೀ ಆಯುಷ್ಯ ಇಲ್ಲೇ ಹರಡಿಕೊಂಡಿದೆ. ಕೆಳದಿ, ಇಕ್ಕೇರಿ ಎರಡೂ ಸಾಗರಕ್ಕೆ ಸೇರಿದವು. ಮೂರನೆಯ ರಾಜಧಾನಿ ಬಿದನೂರು, ಅಂದರೆ ಈಗಿನ ನಗರ, ಹೊಸನಗರದ್ದು. ಆಪತ್ತಿಗೆ ಓಡಿ ಹೋಗಲು ಇದ್ದ ಕವಲೇದುರ್ಗ ತೀರ್ಥಹಳ್ಳಿಯದು. 1499ರ ಸುಮಾರಿಗೆ ಚೌಡಪ್ಪನಿಂದ ಶುರುವಾದ ಕಥೆ 1763ರಲ್ಲಿ ಹೈದರಾಲಿಯ ಕೈಯಲ್ಲಿ ಮುಗಿಯುತ್ತದೆ. ಇಲ್ಲಿನ ಮಕ್ಕಳು ಶಾಲೆಗೆ ಹೋಗುವುದೇ ಆ ಕಥೆಯನ್ನು ತುಳಿದುಕೊಂಡು. ತುಳಿಯುವುದಕ್ಕೆ ಅಭ್ಯಂತರವಿಲ್ಲ, ಓದುವುದಕ್ಕೆ ಮಾತ್ರ ನಾವು ಬೇರೆಯೇ ಒಂದು ಕಥೆಯನ್ನು ಸಿದ್ಧಮಾಡಿ ಇಟ್ಟಿದ್ದೇವೆ.

ಕೆಳದಿಯ ಚೆನ್ನಮ್ಮನನ್ನೇ ತೆಗೆದುಕೊಳ್ಳಿ. ಆಕೆ 1672ರಿಂದ 1697ರವರೆಗೆ ಆಳಿದಳು. ಕಾಲು ಶತಮಾನ. ಅದರಲ್ಲಿ ಶಿವಾಜಿಯ ಮಗ ರಾಜಾರಾಮ ಮೊಘಲರಿಂದ ತಪ್ಪಿಸಿಕೊಂಡು ಈ ಸೀಮೆ ಹಾದು ಜಿಂಜಿಗೆ ಹೋದದ್ದು 1689ರಲ್ಲಿ. ಆಗ ರಾಣಿ ಪಟ್ಟಕ್ಕೆ ಬಂದು ಹದಿನೇಳು ವರ್ಷ ಆಗಿತ್ತು. ಮುಖಪುಟದ ರಾಣಿಗೆ ಮಾತ್ರ ಈಗಷ್ಟೇ ಪಿಯುಸಿ ಮುಗಿದಿದೆ. ಆಶ್ರಯ ಬೇಡಿ ಬಂದ ರಾಜಾರಾಮನಿಗೆ ಹತ್ತೊಂಬತ್ತು ವರ್ಷ. ವೇಷ ಮರೆಸಿಕೊಂಡು, ಅಪರಿಚಿತ ಕಾಡಿನಲ್ಲಿ, ಬೆನ್ನ ಹಿಂದೆ ಔರಂಗಜೇಬನ ದಂಡು. ಹನ್ನೆರಡರ ಹುಡುಗನೊಬ್ಬ ಉಸಿರು ಬಿಗಿಹಿಡಿದು ಓದುವುದಕ್ಕೆ ಇದಕ್ಕಿಂತ ಬೇರೆ ಏನು ಬೇಕು? ಆದರೆ ನಮ್ಮ ಪುಸ್ತಕದಲ್ಲಿ ಆ ಹತ್ತೊಂಬತ್ತರ ಹುಡುಗ ಹೆದರುವುದಿಲ್ಲ, ಹಸಿಯುವುದಿಲ್ಲ, ಮಳೆಯಲ್ಲಿ ನೆನೆದು ಕೆಮ್ಮುವುದೂ ಇಲ್ಲ. ಬಂದವನೇ ಒಂದೂವರೆ ಪುಟ ಭಾಷಣ ಮಾಡುತ್ತಾನೆ. ರಾಣಿ ಎರಡು ಪುಟ ಉತ್ತರ ಕೊಡುತ್ತಾಳೆ. ಅಷ್ಟರಲ್ಲಿ ಔರಂಗಜೇಬ ಕಳಿಸಿದ ಜಾನ್ ನಿಸಾರ್ ಖಾನನ ದಂಡು ನಿಜಕ್ಕೂ ಬಂದು ತಲುಪಿದರೆ ಅದು ಖಾನನ ತಪ್ಪಲ್ಲ.

ಉಳಿದ ಇಪ್ಪತ್ತನಾಲ್ಕು ಚಿಲ್ಲರೆ ವರ್ಷ ಆಕೆ ಏನು ಮಾಡುತ್ತಿದ್ದಳು? ಲೆಕ್ಕ ನೋಡಿದಳು, ಮಠಗಳಿಗೆ ಉಂಬಳಿ ಬಿಟ್ಟಳು, ಪೋರ್ಚುಗೀಸರ ಜೊತೆ ಕಾಳುಮೆಣಸು ಅಕ್ಕಿಯ ವ್ಯವಹಾರ ಮಾಡಿದಳು, ದತ್ತು ತಗೊಂಡ ಬಸಪ್ಪನನ್ನು ಬೆಳೆಸಿದಳು. ಮುಂದೆ ಶಿವತತ್ತ್ವರತ್ನಾಕರದಂಥ ದೊಡ್ಡ ಸಂಸ್ಕೃತ ಗ್ರಂಥ ಬರೆದವನು ಆ ಬಸಪ್ಪನೇ. ಇದೆಲ್ಲ ಕುದುರೆ ಮೇಲೆ ಕೂತು ಮಾಡುವ ಕೆಲಸವಲ್ಲವಾದ್ದರಿಂದ ಬಿಟ್ಟುಹೋಗಿದೆ. ಇನ್ನು ಗಂಡ ಸೋಮಶೇಖರ ನಾಯಕ. ಕಲಾವತಿ ಎಂಬ ನರ್ತಕಿಯ ಮೋಹಕ್ಕೆ ಬಿದ್ದು, ಅವಳ ಕಡೆಯವರ ಔಷಧಿಗೆ ಬುದ್ಧಿ ಕಳೆದುಕೊಂಡು, ಕಡೆಗೆ ಕೊಲೆಯಾದನೆಂದು ಕೆಳದಿಯ ಕಥನಗಳು ಹೇಳುತ್ತವೆ. ಮಕ್ಕಳ ಪುಸ್ತಕದಲ್ಲಿ ಅವನು "ದುಷ್ಟರ ಸಹವಾಸಕ್ಕೆ ಬಿದ್ದು ಆರೋಗ್ಯ ಹಾಳುಮಾಡಿಕೊಂಡನು". ಬಸ್‌ಸ್ಟ್ಯಾಂಡಿನ ಹಿಂದೆ ಗುಟ್ಕಾ ಜಗಿಯುತ್ತ ಇಸ್ಪೀಟಾಡಿ ಕೆಟ್ಟ ಹುಡುಗನ ಹಾಗೆ.

ಮಕ್ಕಳು ಹೆದರುತ್ತಾರೆ, ಮಕ್ಕಳ ಮನಸ್ಸು ಮೃದು ಎಂದು ಇದಕ್ಕೆ ಸಮಜಾಯಿಷಿ ಕೊಡುವ ದೊಡ್ಡವರೇ ಜಾತ್ರೆಯ ರಾತ್ರಿ ಅದೇ ಮಕ್ಕಳನ್ನು ಚಾಪೆ ಸಮೇತ ಯಕ್ಷಗಾನಕ್ಕೆ ಕರೆದುಕೊಂಡು ಹೋಗುತ್ತಾರೆ. ಬೆಳಗಿನ ಜಾವ ಭೀಮ ದುಶ್ಶಾಸನನ ಹೊಟ್ಟೆ ಬಗೆದು ಕೆಂಪು ಬಟ್ಟೆಯ ಕರುಳು ಎಳೆಯುವಾಗ ನಿದ್ದೆಗಣ್ಣಿನ ಮಗುವನ್ನು "ಏಳಾ, ಈಗ ನೋಡು" ಎಂದು ತಿವಿದು ಎಬ್ಬಿಸುತ್ತಾರೆ. ಮಗು ನೋಡುತ್ತದೆ. ಮರುದಿನ ಹಟ್ಟಿಯಲ್ಲಿ ತಮ್ಮನ ಹೊಟ್ಟೆಯಿಂದ ಟವೆಲು ಎಳೆದು ಆಡುತ್ತದೆ. ಆರೋಗ್ಯವಾಗಿಯೇ ಇರುತ್ತದೆ. ಅಚ್ಚಾದ ಪುಸ್ತಕದಲ್ಲಿ ಮಾತ್ರ ರಕ್ತ ಕಾಣಬಾರದು.

ಹೋಗಲಿ, ನಮ್ಮ ಹಿರಿಯರು ಹೀಗೆ ಹೆದರಿಕೊಂಡಿದ್ದರೆ? ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ಬರೆದ ಬೊಮ್ಮನಹಳ್ಳಿಯ ಕಿಂದರಿಜೋಗಿಯಲ್ಲಿ ಇಲಿ ಹಿಡಿಸಿದ ಕೂಲಿ ಕೊಡದೆ ದೊಡ್ಡವರು ಕೈಯೆತ್ತುತ್ತಾರೆ, ಊರಿನ ಮಕ್ಕಳು ಬೆಟ್ಟದೊಳಗೆ ಹೋಗಿ ಮರೆಯಾಗುತ್ತಾರೆ. ಮೂಲ ಯುರೋಪಿನದಾದರೂ ಕುವೆಂಪು ಆ ಕೊನೆಯನ್ನು ಸಿಹಿಮಾಡಲು ಹೋಗಲಿಲ್ಲ. ತಲೆಮಾರುಗಳು ಓದಿ ಬಾಯಿಪಾಠ ಮಾಡಿದವು. ಸುಮಾರು ನೂರು ವರ್ಷದ ಹಿಂದೆ ಘಟ್ಟದ ಕೆಳಗೆ ಪಂಜೆ ಮಂಗೇಶರಾಯರು ತುಳು ಪಾಡ್ದನದ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಮಕ್ಕಳಿಗೆ ಹೇಳಿದರು. ಅದರಲ್ಲಿ ಗದ್ದೆಯ ನೀರಿಗಾಗಿ ಜಗಳ, ಜಗಳಕ್ಕೊಂದು ಹೆಣ. ಪಂಜೆಯವರು ಶಾಲಾ ಇನ್ಸ್‌ಪೆಕ್ಟರರು. ಶಾಲೆಗೆ ಏನು ತಕ್ಕುದು ಎಂದು ನಮಗಿಂತ ಸ್ವಲ್ಪ ಹೆಚ್ಚೇ ಗೊತ್ತಿದ್ದವರು.

ಕೆಳದಿಯ ಮೊದಲ ಅಧ್ಯಾಯಕ್ಕೆ ಬರೋಣ. ಚೌಡಪ್ಪ, ಭದ್ರಪ್ಪ ಅಣ್ಣತಮ್ಮಂದಿರು. ಹಸು ಹುತ್ತಕ್ಕೆ ಹಾಲು ಕರೆಯುತ್ತದೆ, ಹುತ್ತದಲ್ಲಿ ಲಿಂಗ ಸಿಗುತ್ತದೆ, ರಾಮೇಶ್ವರನ ಗುಡಿ ಏಳುತ್ತದೆ. ಇಲ್ಲಿಯವರೆಗೆ ಎಲ್ಲ ಪುಸ್ತಕಗಳೂ ಸಲೀಸಾಗಿ ಓಡುತ್ತವೆ. ಮುಂದೆ ನಿಧಿ ಸಿಗುತ್ತದೆ. ನಿಧಿ ನರಬಲಿ ಕೇಳುತ್ತದೆ. ಮನೆಯ ಆಳುಗಳಾದ ಎಡವ, ಮುರಾರಿ ಎಂಬಿಬ್ಬರು ತಾವಾಗಿಯೇ ಮುಂದೆ ಬಂದು ತಲೆ ಕೊಟ್ಟರು ಎಂದು ಪರಂಪರೆ ಹೇಳುತ್ತದೆ. ಆ ಹಣದಿಂದ ಸಂಸ್ಥಾನ ಎದ್ದಿತು. ಕೆಳದಿಯ ನಾಯಕರು ಇದನ್ನು ಮುಚ್ಚಿಡಲಿಲ್ಲ. ತಮ್ಮ ಬಿರುದುಗಳಲ್ಲಿ "ಎಡವ ಮುರಾರಿ" ಎಂದೇ ಸೇರಿಸಿಕೊಂಡರು. ಸಿಂಹಾಸನದ ಮೇಲೆ ಕೂತವರು ತಲೆಮಾರುಗಟ್ಟಲೆ ಹೊತ್ತ ಆ ಎರಡು ಹೆಸರನ್ನು ನಮ್ಮ ಅರವತ್ತನಾಲ್ಕು ಪುಟದ ಪುಸ್ತಕಕ್ಕೆ ಎರಡು ಪುಟ ಹೊರಲು ಆಗುವುದಿಲ್ಲ.

ಒಂದು ಬಗೆಯ ಲೇಖಕ ಅವರನ್ನು ಎತ್ತಿಯೇ ಬಿಡುತ್ತಾನೆ: "ದೈವಕೃಪೆಯಿಂದ ನಿಧಿಯೊಂದು ದೊರೆಯಿತು." ದೈವ ಬ್ಯಾಂಕ್ ಮ್ಯಾನೇಜರಂತೆ ಸಹಿ ಹಾಕಿ ಕೊಟ್ಟುಬಿಟ್ಟಿತು. ಇನ್ನೊಂದು ಬಗೆಯವನು ಸ್ವಲ್ಪ ಧೈರ್ಯಸ್ಥ. ಅವನ ಪುಸ್ತಕದಲ್ಲಿ ಎಡವ ಮುರಾರಿ ಇರುತ್ತಾರೆ, ಆದರೆ ನಗುನಗುತ್ತ ಸಾಯುತ್ತಾರೆ. ಪಕ್ಕದಲ್ಲಿ ಸ್ವಾಮಿನಿಷ್ಠೆ ಎಂಬ ಉಪಶೀರ್ಷಿಕೆ. ಅವರಿಗೆ ಹೆಂಡತಿ ಮಕ್ಕಳಿದ್ದರೇ, ಹಿಂದಿನ ರಾತ್ರಿ ಉಂಡರೇ, ಇಬ್ಬರಲ್ಲಿ ಒಬ್ಬನಾದರೂ ಓಡಿಹೋಗಲು ಯೋಚಿಸಿದನೇ, ಯಾರೂ ಕೇಳುವುದಿಲ್ಲ. ಅಡಿಕೆ ತೋಟದ ಪಾಲುಪಟ್ಟಿಯ ಜಗಳ ಕೇಳಿಕೊಂಡೇ ಬೆಳೆದ ನಮ್ಮ ಮಕ್ಕಳು ಮೊದಲು ಕೇಳುವುದು ಅದನ್ನೇ: ನಿಧಿಯಲ್ಲಿ ಅವರ ಮನೆಯವರಿಗೆ ಎಷ್ಟು ಪಾಲು ಸಿಕ್ಕಿತು? ಇದಕ್ಕೆ ಉತ್ತರ ಇಲ್ಲದ್ದರಿಂದಲೇ ಅದು ಕಾದಂಬರಿಗೆ ಹೇಳಿಮಾಡಿಸಿದ ಪ್ರಶ್ನೆ. ಬರೆದರೆ ಮಾತ್ರ ಫೋನು ಬರುತ್ತದೆ. ಎಡವ ಮುರಾರಿ ಯಾವ ಜಾತಿ, ಚೌಡಪ್ಪ ಯಾವ ಜಾತಿ, ನೀವು ಯಾವ ಜಾತಿ, ಪ್ರಕಾಶಕರು ಯಾವ ಜಾತಿ, ಮುಖಪುಟದ ಕುದುರೆ ಯಾರ ಮನೆಯದು. ಪಾಪ, ಲೇಖಕನಿಗೂ ಊರಲ್ಲಿ ತೋಟ ಇರುತ್ತದೆ, ಸೊಸೈಟಿಯಲ್ಲಿ ಸಾಲ ಇರುತ್ತದೆ.

ನಮ್ಮ ಇತಿಹಾಸದಲ್ಲಿ ಮಕ್ಕಳೇ ಸಿಗುವುದಿಲ್ಲ, ರಾಜರನ್ನು ಬಿಟ್ಟು ಯಾರ ಬಗ್ಗೆ ಬರೆಯೋಣ ಎಂದು ಕೈಚೆಲ್ಲುವವರಿದ್ದಾರೆ. ಅವರಿಗಾಗಿ ನಾಲ್ಕು ಹುಡುಗರನ್ನು ತೋರಿಸುತ್ತೇನೆ.

1623ರ ನವೆಂಬರ್. ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಹೊರಟಿದ್ದಾನೆ. ಗೇರುಸೊಪ್ಪೆ ಕಡೆಯಿಂದ ಘಟ್ಟ ಹತ್ತುವಾಗ ದಾರಿಯಲ್ಲಿ ಹನುಮಂತನ ಗುಡಿ. ಸಾಮಾನು ಹೊರುವವರು ಹೊರೆ ಸರಿಮಾಡಿಕೊಳ್ಳುತ್ತಿದ್ದಾರೆ. ಇವನಿಗೆ ಮಾಡಲು ಕೆಲಸವಿಲ್ಲ, ಗುಡಿಯ ಜಗಲಿಯಲ್ಲಿ ಕೂತಿದ್ದಾನೆ. ಅಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದಾರೆ. ಗುರು ಹತ್ತಿರ ಇಲ್ಲ, ಓಲೆಯಿಲ್ಲ, ಬರೆಯುವ ಕಂಠವಿಲ್ಲ. ನೆಲದ ಮೇಲೆ ನುಣ್ಣನೆ ಮರಳು ಹರವಿಕೊಂಡಿದ್ದಾರೆ. ಒಬ್ಬ ರಾಗವಾಗಿ ಒಂದು ಸಾಲು ಹೇಳುತ್ತಾನೆ, ಹೇಳುತ್ತಲೇ ಬೆರಳಿನಿಂದ ಮರಳಿನಲ್ಲಿ ಬರೆಯುತ್ತಾನೆ. ಉಳಿದ ಮೂವರೂ ಅದನ್ನೇ ಹಾಡುತ್ತ ಬರೆಯುತ್ತಾರೆ. ನೆಲ ತುಂಬಿತೋ, ಅಂಗೈಯಲ್ಲಿ ಸವರಿ ಅಳಿಸಿ, ಬೇಕಾದರೆ ಇನ್ನಷ್ಟು ಮರಳು ಉದುರಿಸಿ, ಮತ್ತೆ ಶುರು. ಇವನು ಕೇಳುತ್ತಾನೆ: ಗುರುವಿಲ್ಲವಲ್ಲ, ಮರೆತರೆ, ತಪ್ಪಿದರೆ ತಿದ್ದುವವರು ಯಾರು? ಹುಡುಗರು ಹೇಳುತ್ತಾರೆ: ನಾಲ್ವರೂ ಒಟ್ಟಿಗೆ ಒಂದನ್ನೇ ಮರೆಯಲು ಆಗುತ್ತದೆಯೇ? ಅದಕ್ಕೇ ನಾವು ಒಟ್ಟಿಗೆ ಕೂತು ಕಲಿಯುವುದು.

ಯಾತ್ರಿಕ ಬೆರಗಾಗಿ ಇದನ್ನು ಬರೆದಿಟ್ಟ. ಹುಡುಗರ ಹೆಸರು ಬರೆಯಲಿಲ್ಲ, ಮನೆ ಕೇಳಲಿಲ್ಲ. ಕಾದಂಬರಿ ಬರೆಯುವವನಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಉಂಟೇ? ಹೆಸರಿಲ್ಲ ಎಂದರೆ ವಂಶಸ್ಥರ ತಕರಾರಿಲ್ಲ. ಜಯಂತಿ ಇಲ್ಲ, ಪ್ರತಿಮೆ ಇಲ್ಲ, ಪ್ರಾಧಿಕಾರ ಇಲ್ಲ. ನಾಲ್ವರಲ್ಲಿ ಒಬ್ಬ ಪರದೇಶಿಯ ಹಿಂದೆಯೇ ಇಕ್ಕೇರಿಗೆ ನಡೆದುಬಿಟ್ಟ ಎಂದುಕೊಳ್ಳಿ, ಅರ್ಧ ಕಾದಂಬರಿ ಆಗಿಹೋಯಿತು. ಇಕ್ಕೇರಿಯ ಬೀದಿಯಲ್ಲಿ ಬಣ್ಣದ ಕೋಲು ಹಿಡಿದು ಸುತ್ತು ಸುತ್ತಿ ಕುಣಿಯುವ ಹುಡುಗಿಯರು ಸಿಗುತ್ತಾರೆ. ಅವರನ್ನೂ ಆ ಯಾತ್ರಿಕ ನೋಡಿ ಬರೆದಿದ್ದಾನೆ. ನಮ್ಮ ಇತಿಹಾಸಕಾರರು ನೂರು ಸಲ ಉಲ್ಲೇಖಿಸಿದ ಪುಸ್ತಕ ಇದು. ಉಲ್ಲೇಖಿಸಿದ್ದು ಅರಮನೆ ಎಷ್ಟು ದೊಡ್ಡದು, ಆನೆ ಎಷ್ಟು, ರಾಯಭಾರಿಗೆ ಎಂಥ ಶಾಲು ಹೊದಿಸಿದರು ಎಂಬುದಕ್ಕೆ.

ಈ ನಾಲ್ವರನ್ನು ನಮ್ಮವರು ಬಳಸಿಕೊಂಡರೂ ಏನಾಗುತ್ತದೆಂದು ನನಗೆ ಗೊತ್ತು. ಮೊದಲ ತಿದ್ದುಪಡಿಯಲ್ಲೇ ಗುರುಗಳು ಬಂದು ಕೂರುತ್ತಾರೆ. ಬಿಳಿ ಗಡ್ಡ, ಆಲದ ಮರ. ಗುರು ಎದುರಿಗಿಲ್ಲದೆ ನಾಲ್ಕು ಮಕ್ಕಳು ತಮ್ಮಷ್ಟಕ್ಕೆ ಕಲಿತರು ಎನ್ನುವುದನ್ನು ಅಚ್ಚು ಹಾಕಿದರೆ ಶಿಕ್ಷಕರ ದಿನಾಚರಣೆಯ ಗತಿ ಏನು?

ಇಕ್ಕೇರಿಯಲ್ಲಿ ಅದೇ ಯಾತ್ರಿಕ ಇನ್ನೊಂದನ್ನೂ ಕಂಡ. ಗಂಡ ಸತ್ತು ಸಹಗಮನಕ್ಕೆ ಸಿದ್ಧಳಾಗಿ, ಕೈಯಲ್ಲಿ ಕನ್ನಡಿ ನಿಂಬೆಹಣ್ಣು ಹಿಡಿದು, ವಾದ್ಯದೊಂದಿಗೆ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸು. ಅವಳ ಮನೆ ಹುಡುಕಿಕೊಂಡು ಹೋಗಿ ಮಾತಾಡಿಸಿದ, ಬೇಡವೆಂದು ಹೇಳಿ ನೋಡಿದ. ಅವಳ ಹೆಸರನ್ನು ತನ್ನ ನಾಲಿಗೆಗೆ ಬಂದ ಹಾಗೆ ಬರೆದುಕೊಂಡ, ಜಕ್ಕಮ್ಮ ಇರಬೇಕು. ಗಂಡ ನಗಾರಿ ಬಾರಿಸುವವನು. ಸಣ್ಣ ಮಕ್ಕಳಿದ್ದರು. ಮರಳಿನಲ್ಲಿ ಬರೆಯುವ ಹುಡುಗರೂ, ಈ ಮನೆಯ ಮಕ್ಕಳೂ ಒಂದೇ ತಿಂಗಳಿನವರು, ಒಂದೇ ರಾಜ್ಯದವರು. ಎರಡನ್ನೂ ಒಂದೇ ಪುಸ್ತಕದಲ್ಲಿಟ್ಟರೆ ನಮ್ಮಲ್ಲಿ ಒಂದು ಗುಂಪು ಮೊದಲನೆಯದನ್ನು ಇಟ್ಟುಕೊಂಡು, "ಪರಂಗಿಯವನ ಸುಳ್ಳು" ಎಂದು ಎರಡನೆಯದನ್ನು ಹರಿಯುತ್ತದೆ. ಇನ್ನೊಂದು ಗುಂಪು ಎರಡನೆಯದನ್ನು ಮಾತ್ರ ಇಟ್ಟುಕೊಂಡು, ಮಕ್ಕಳ ಪುಸ್ತಕಕ್ಕೆ ಮೂವತ್ತು ಪುಟ ಸೈದ್ಧಾಂತಿಕ ಪ್ರಸ್ತಾವನೆ ಬರೆಸುತ್ತದೆ. ಓದುವ ಮಗು ಎರಡೂ ಗುಂಪಿನವರಿಗೆ ಲೆಕ್ಕಕ್ಕಿಲ್ಲ.

ಕೆಳದಿಯ ಶಿವಪ್ಪ ನಾಯಕನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆತನಿಗೆ ಬೇಕಾದಷ್ಟು ಪ್ರತಿಮೆಗಳಿವೆ. ಆದರೆ ಆ ಪ್ರತಿಮೆಯ ಕೈಯಲ್ಲಿ ಕತ್ತಿ ಯಾಕೆ, ಭತ್ತ ಅಳೆಯುವ ಕೊಳಗ ಯಾಕಿಲ್ಲ? ಗದ್ದೆಗಳನ್ನು ಐದು ದರ್ಜೆ ಮಾಡಿ, ಪ್ರತಿ ದರ್ಜೆಯಲ್ಲೂ ಬಿತ್ತಿಸಿ, ಹನ್ನೆರಡು ವರ್ಷ ಬೆಳೆ ಅಳೆಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲು ಕಂದಾಯ ಕಟ್ಟಿದ ಎನ್ನುತ್ತಾರೆ. ಆ ಲೆಕ್ಕಕ್ಕೆ ಒಂದೂವರೆ ಶತಮಾನದ ಮೇಲೂ ಬ್ರಿಟಿಷ್ ಅಧಿಕಾರಿಗಳು ಗೌರವ ಕೊಡುತ್ತಿದ್ದರು. ಹನ್ನೆರಡು ವರ್ಷ ಒಂದೇ ಗದ್ದೆಯನ್ನು ಅಳೆಯುತ್ತ ಮುದುಕನಾಗುವ ಶಾನುಭೋಗ, ಅವನಿಂದ ಸುಳ್ಳು ಲೆಕ್ಕ ಬರೆಸಲು ಕೋಳಿ ಹಿಡಿದು ಬರುವ ಗೌಡ, ನಡುವೆ ಓಡಾಡುವ ಒಬ್ಬ ಹುಡುಗ. ಮಲೆನಾಡಿನ ಮಗುವಿಗೆ ಇದು ಪಾಠ ಮಾಡಿ ತಿಳಿಸಬೇಕಾದ ವಿಷಯವಲ್ಲ. ಐದನೇ ಕ್ಲಾಸಿನಲ್ಲೇ ಅದಕ್ಕೆ ಅಡಿಕೆಯಲ್ಲಿ ರಾಶಿ ಇಡಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಕೊಳೆರೋಗಕ್ಕೆ ಎಷ್ಟು ಹೋಯಿತು ಎಂದು ಗೊತ್ತಿರುತ್ತದೆ. ಕತ್ತಿ ಹಿಡಿದು ಗೊತ್ತಿರುವುದು ಮಾತ್ರ ಅಡಿಕೆ ಸುಲಿಯುವುದಕ್ಕೆ.

ಇನ್ನು ಅಂತ್ಯ. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಬಂದ. ರಾಣಿ ವೀರಮ್ಮಾಜಿ ಹಿಂದಕ್ಕೆ ಹೋದರೆ ಇಷ್ಟು ಕೊಡುತ್ತೇನೆ, ಇನ್ನೂ ಇಷ್ಟು ಕೊಡುತ್ತೇನೆ ಎಂದು ದಾರಿಯುದ್ದಕ್ಕೂ ಮೊತ್ತ ಏರಿಸುತ್ತ ಹೇಳಿಕಳಿಸಿದಳು. ಅವನು ನಿಲ್ಲಲಿಲ್ಲ. ಸೆರೆಯಲ್ಲಿದ್ದ ಸಂಸ್ಥಾನದ ಹಳೆಯ ಮಂತ್ರಿ ಲಿಂಗಣ್ಣ ಅವನಿಗೆ ಪಟ್ಟಣದೊಳಕ್ಕೆ ಹೋಗುವ ಗುಟ್ಟಿನ ದಾರಿ ತೋರಿಸಿಕೊಟ್ಟ. ರಾಣಿ ಅರಮನೆಗೆ ಬೆಂಕಿ ಇಡಿಸಿ ಓಡಿದಳು, ಸಿಕ್ಕಿಬಿದ್ದಳು, ಮಧುಗಿರಿಯ ಕೋಟೆಯಲ್ಲಿ ಸೆರೆಯಾದಳು. ಊರಿನ ಹೆಸರೇ ಹೈದರನಗರವಾಯಿತು. ಈಗಿನ ನಗರ ಅದರ ಬಾಲ. ಇದರ ಮೇಲೆ ಮಾಸ್ತಿಯವರು ದೊಡ್ಡವರಿಗಾಗಿ ಚೆನ್ನಬಸವನಾಯಕ ಕಾದಂಬರಿ ಬರೆದರು. ಮಕ್ಕಳಿಗೆ ನಾವು ಬರೆದದ್ದು ಒಂದೇ ವಾಕ್ಯ: "ಮುಂದೆ ಕೆಲವು ಕಾರಣಗಳಿಂದ ಸಂಸ್ಥಾನವು ಅಳಿಯಿತು."

ಕೆಲವು ಕಾರಣಗಳಿಂದ! ಪ್ರವಾಸ ರದ್ದಾದ ಹಾಗೆ. ಚಿತ್ರದುರ್ಗದವರು ನೋಡಿ ಎಷ್ಟು ಜಾಣರು, ಒಂದು ಕಿಂಡಿ ಇಟ್ಟುಕೊಂಡು ನಾಡಿನ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಕರೆಸಿಕೊಳ್ಳುತ್ತಾರೆ. ಆ ಕಿಂಡಿಯಲ್ಲಿ ನುಗ್ಗಿದವರು ಹೊರಗಿನವರು, ಬಾಗಿಲಲ್ಲಿ ನಮ್ಮ ಓಬವ್ವ. ನಮ್ಮ ಗುಟ್ಟಿನ ದಾರಿಯಲ್ಲಿ ತೊಡಕೆಂದರೆ ಮುಂದೆ ನಡೆದವನೇ ನಮ್ಮ ಮಂತ್ರಿ. ಹೈದರನನ್ನು ಬೈಯುವವರಿಗೆ ಲಿಂಗಣ್ಣ ಬೇಡ. ಹೈದರನನ್ನು ಹೊಗಳುವವರಿಗೆ ಬಿದನೂರಿನ ಲೂಟಿ ಬೇಡ. ಹಾಗಾಗಿ ಇಬ್ಬರೂ ಸೇರಿ ಮಕ್ಕಳಿಗೆ "ಕೆಲವು ಕಾರಣ" ಕೊಟ್ಟರು. ಬೇರೆ ಯಾವ ವಿಷಯದಲ್ಲೂ ಇವರಿಬ್ಬರು ಇಷ್ಟು ಒಮ್ಮತದಿಂದ ಇದ್ದದ್ದನ್ನು ನಾನು ಕಂಡಿಲ್ಲ.

ಸದರ ಮಲ್ಲನ ಹೆಸರು ಕೇಳಿದ್ದೀರಾ? ಕುಂಸಿ ಕಡೆಯ ಸಾಮಾನ್ಯ ರೈತ. ನಗರದ ಅರಸರ ಕಡೆಯ ಒಬ್ಬ ಮುದಿ ಜಂಗಮನಿಂದ ಹಳೆಯ ಮುದ್ರೆಯುಂಗುರಗಳು ಅವನ ಕೈ ಸೇರಿದವಂತೆ. ತಾನೇ ನಗರದ ವಾರಸುದಾರ, ಬೂದಿ ಬಸಪ್ಪ ನಾಯಕ ಎಂದ. ಕಂದಾಯಕ್ಕೆ ಬೆಂದಿದ್ದ ರೈತರು ಕೂಟ ಕಟ್ಟಿ ಎದ್ದಿದ್ದ ಹೊತ್ತು. 1830ರ ನಗರ ದಂಗೆಯಲ್ಲಿ ಅವನು ಅರಸನೇ ಆದ. ದಂಗೆ ಬೆಳೆದು ಬೆಳೆದು, 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಮಹಾರಾಜರ ಕೈಯಿಂದ ಕಿತ್ತುಕೊಂಡರು. ಉಂಗುರ, ಸುಳ್ಳು ಅರಸ, ನಿಜವಾದ ದಂಗೆ. ಬೇರೆ ಯಾವ ದೇಶದಲ್ಲಾದರೂ ಇದು ಇಷ್ಟು ಹೊತ್ತಿಗೆ ಮಕ್ಕಳ ಕಾದಂಬರಿಯ ಏಳನೇ ಭಾಗಕ್ಕೆ ಬಂದಿರುತ್ತಿತ್ತು. ನಮ್ಮ ಪುಸ್ತಕದವರಿಗೆ ಗೊಂದಲ: ಇವನು ವೀರನೋ ಕಳ್ಳನೋ? ಎರಡರಲ್ಲಿ ಒಂದು ಎಂದು ಮೇಲಿನವರು ಹೇಳುವ ತನಕ ನಾವು ಪೆನ್ನಿನ ಕ್ಯಾಪು ತೆಗೆಯುವುದಿಲ್ಲ.

ಹಳೆಯದು ಬೇಡ, ಹತ್ತಿರದ್ದು ಬರೆಯಿರಿ ಎಂದರೆ ಅದಿನ್ನೂ ಕಷ್ಟ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ಎದುರು ನಿಂತರು. ಜಗಳ ಶುರುವಾದದ್ದು ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳುವ ಒಡೆಯರ ಕೊಳಗ ಪೇಟೆಯ ಕೊಳಗಕ್ಕಿಂತ ದೊಡ್ಡದು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಸಮಾಜವಾದಿಗಳನ್ನು ಕರೆತಂದರು, ಅವರ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಒಂದು ಅಳತೆಯ ಪಾತ್ರೆಯಿಂದ ಎದ್ದ ಚಳವಳಿ. ಹತ್ತು ವರ್ಷದ ಹುಡುಗಿ ಎರಡು ಕೊಳಗ ಪಕ್ಕಪಕ್ಕ ಇಟ್ಟು ಭತ್ತ ಸುರಿದು ನೋಡಿದರೆ ಮೊದಲ ಅಧ್ಯಾಯ ಮುಗಿಯಿತು. ಬರೆಯುವವರು ಯಾರು? ಅಂದಿನ ಒಡೆಯರ ಮೊಮ್ಮಗನೂ ಅಂದಿನ ಗೇಣಿದಾರರ ಮೊಮ್ಮಗನೂ ಈಗ ಒಂದೇ ಶಾಲೆಯ ಆಡಳಿತ ಮಂಡಳಿಯಲ್ಲಿ ಅಕ್ಕಪಕ್ಕ ಕೂತಿರುತ್ತಾರೆ. "ಈಗ ಎಂತಕ್ಕೆ ಮಾರಾಯ ಅದೆಲ್ಲ" ಎಂಬಲ್ಲಿ ಇಬ್ಬರದೂ ಒಂದೇ ದನಿ. ಔರಂಗಜೇಬನಾದರೆ ಯಾವ ಆಡಳಿತ ಮಂಡಳಿಯಲ್ಲೂ ಇಲ್ಲ.

ಒಬ್ಬರು ಬರೆದರು ಎನ್ನುವುದನ್ನು ಹೇಳದಿದ್ದರೆ ಅನ್ಯಾಯವಾದೀತು. ಸಾಗರದ ನಾ. ಡಿಸೋಜ ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ, ಮುಳುಗುವ ಊರುಗಳನ್ನು ಕಣ್ಣಾರೆ ಕಂಡವರು. ಆ ಯೋಜನೆಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ದೇವಸ್ಥಾನ, ಶಾಲೆ ನೀರಡಿಗಾದವು. ಅವರು ದೊಡ್ಡವರಿಗೆ "ಮುಳುಗಡೆ", "ದ್ವೀಪ" ಬರೆದರು. ಮಕ್ಕಳಿಗೆ "ಮುಳುಗಡೆಯ ಊರಿಗೆ ಬಂದವರು" ಬರೆದರು. ಕುದುರೆ ಇಲ್ಲ, ಖಡ್ಗ ಇಲ್ಲ, ಇರುವುದೆಲ್ಲ ನೀರು ಮತ್ತು ಸರಕಾರ. 2011ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಮಾಡಿ ಮೆರವಣಿಗೆಯಲ್ಲಿ ಕೂರಿಸಿದೆವು. ಲೇಖಕರನ್ನು ಸಾರೋಟಿನಲ್ಲಿ ಕೂರಿಸಿದ ಮೇಲೆ ಓದುವ ಕೆಲಸ ಉಳಿಯುವುದಿಲ್ಲ ಎನ್ನುವುದು ನಮ್ಮ ನಂಬಿಕೆ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಬರೆದವರ ಸಂಖ್ಯೆ ಆ ಪುಸ್ತಕದ ಓದುಗರಿಗಿಂತ ಹೆಚ್ಚಿತ್ತೇನೋ ಎಂಬ ಗುಮಾನಿ ನನಗಿದೆ.

ಅದೇ ವರ್ಷ ಜುಲೈಯಲ್ಲಿ ಸಿಗಂದೂರಿನ ಬಳಿ ಲಿಂಗನಮಕ್ಕಿಯ ಹಿನ್ನೀರಿಗೆ ಸೇತುವೆಯಾಯಿತು. ಅಲ್ಲಿಯವರೆಗೆ ದಶಕಗಟ್ಟಲೆ ಕರೂರು ಕಡೆಯ ಮಕ್ಕಳು ಕಾಲೇಜಿಗೆ, ಹೆರಿಗೆಗೆ ಹೊರಟ ಅಕ್ಕಂದಿರು ಆಸ್ಪತ್ರೆಗೆ, ಲಾಂಚಿಗೆ ಕಾದು ಹೋದವರು. ಸೇತುವೆಯ ಮೇಲೆ ಈಗ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದೇ ಹಿನ್ನೀರಿನೊಳಗೆ ಒಂದು ಕಡೆ ಇಡೀ ಒಂದು ಅಣೆಕಟ್ಟೇ ಮುಳುಗಿ ಕೂತಿದೆ. 1940ರ ದಶಕದಲ್ಲಿ ಕಟ್ಟಿ ಮುಗಿಸಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಕೆಳಗೆ ಇನ್ನೊಂದು ದೊಡ್ಡ ಅಣೆಕಟ್ಟು ಕಟ್ಟಿ ಈ ಅಣೆಕಟ್ಟನ್ನು ಮುಳುಗಿಸಿದರು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮೇಲೆದ್ದು ಕಾಣುತ್ತದೆ. ಅಣೆಕಟ್ಟನ್ನು ಅಣೆಕಟ್ಟು ನುಂಗಿದ ಇಂಥ ಕಥೆಯನ್ನು ಮಗುವಿಗೆ ಹೇಳಿದರೆ ಅದು ಮೊಬೈಲು ಕೆಳಗಿಟ್ಟು ಕೇಳೀತು. ಆದರೆ ಅಪ್ಪನಿಗೇ ಗೊತ್ತಿಲ್ಲ. ಅಪ್ಪ ಸಣ್ಣವನಿದ್ದಾಗ ಓದಿದ ಪುಸ್ತಕದಲ್ಲೂ ಕುದುರೆಯೇ ಇತ್ತು.

ಇಷ್ಟಾದರೂ ಪುಸ್ತಕಗಳು ಬರುತ್ತಲೇ ಇವೆ, ನಿಂತಿಲ್ಲ. ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿಯಲ್ಲಿ ಬೆಲೆ ನಿಗದಿಯಾಗುವುದು ಪುಟದ ಲೆಕ್ಕದಲ್ಲಿ. ಆದ್ದರಿಂದ ಪುಟಗಳಿಗೆ ಕೊರತೆಯಾಗಬಾರದು. ಈಚೆಗೆ ಕೈಗೆ ಬಂದ ಒಂದು ಪುಸ್ತಕದಲ್ಲಿ ಮೊದಲು ಆಶೀರ್ವಚನ, ಆಮೇಲೆ ಜನಪ್ರತಿನಿಧಿಯ ಸಂದೇಶ, ಅವರ ಬಣ್ಣದ ಭಾವಚಿತ್ರ, ಪ್ರಕಾಶಕರ ಮಾತು, ಮುನ್ನುಡಿ, ಲೇಖಕರ ಅರಿಕೆ, ದಾನಿಗಳ ಕುಟುಂಬದ ಗುಂಪುಚಿತ್ರ. ಇವೆಲ್ಲ ದಾಟಿ ಕಥೆ ಶುರುವಾಗುವ ಹೊತ್ತಿಗೆ ಪುಸ್ತಕದ ಮೂರನೇ ಒಂದು ಪಾಲು ಖರ್ಚಾಗಿರುತ್ತದೆ. ಶಿವಪ್ಪ ನಾಯಕನ ಕಂದಾಯದ ಅದೇ ದರ. ಕಥೆ ಮುಗಿದ ಮೇಲೆ, ಮಕ್ಕಳು ಸುಮ್ಮನೆ ಓದಿ ಖುಷಿಪಟ್ಟುಬಿಟ್ಟಾರೆಂಬ ಭಯಕ್ಕೆ, ಅಭ್ಯಾಸವೂ ಇದೆ. ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ, ಬಿಟ್ಟ ಸ್ಥಳ ತುಂಬಿರಿ.

ಬಿಟ್ಟ ಸ್ಥಳದ ಏಳನೇ ಪ್ರಶ್ನೆ: "ಕೆಳದಿ ಸಂಸ್ಥಾನವು _______ ಕಾರಣಗಳಿಂದ ಅಳಿಯಿತು."

ಉತ್ತರ ಹಿಂದಿನ ಪುಟದಲ್ಲಿ, ತಲೆಕೆಳಗಾಗಿ ಅಚ್ಚಾಗಿದೆ: ಕೆಲವು.